ವ್ಯವಹಾರದ ಸಾಫ್ಟ್‌ವೇರ್‌ಗೆ ಯುನಿಕ್ಸ್ ಪೂರೈಕೆದಾರರನ್ನು ಆರಿಸುವ ಕ್ರಮ

ಬ್ಯಾಂಕು, ಸಹಕಾರ ಸಂಘ, ಕಾರ್ಖಾನೆ, ಆಸ್ಪತ್ರೆಗಳ ಲೆಕ್ಕಪತ್ರಕ್ಕೆ ಸಾಫ್ಟ್‌ವೇರ್ ಬರೆಯುವ ಕಂಪನಿಯೊಂದು ಯಾವ ಯುನಿಕ್ಸ್ (ಸರ್ವರ್‌ಗಳಲ್ಲಿ ಓಡುವ ಆಪರೇಟಿಂಗ್ ಸಿಸ್ಟಂಗಳ ಒಂದು ಕುಟುಂಬ) ಮೇಲೆ ಕೆಲಸ ಆರಂಭಿಸಬೇಕೆಂದು ಯೋಚಿಸುವಾಗ ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಒಂದು ಇಸವಿಯನ್ನು. ಆ ಸಾಫ್ಟ್‌ವೇರನ್ನು ಕೊಳ್ಳುವ ಕೊನೆಯ ಗ್ರಾಹಕ ಅದನ್ನು ಬಳಸುವ ಕೊನೆಯ ವರ್ಷವೇ ಆ ಇಸವಿ. ಬಡ್ಡಿ ಲೆಕ್ಕ ಹಾಕುವ, ಸಂಬಳದ ಪಟ್ಟಿ ತಯಾರಿಸುವ, ದಾಸ್ತಾನು ಎಣಿಸುವ ಪ್ರೋಗ್ರಾಂಗಳು ಒಮ್ಮೆ ನೆಲೆಯೂರಿದರೆ 15–20 ವರ್ಷ ಅಲುಗಾಡುವುದಿಲ್ಲ. ಬರೆದವರು ಕೆಲಸ ಬಿಟ್ಟು ಹೋದ ಮೇಲೂ, ಕೊಂಡ ವ್ಯವಸ್ಥಾಪಕರು ನಿವೃತ್ತರಾದ ಮೇಲೂ ಅವು ಪ್ರತಿ ತಿಂಗಳ ಕೊನೆಗೆ ಓಡುತ್ತಲೇ ಇರುತ್ತವೆ. ಆದ್ದರಿಂದ ಆಪರೇಟಿಂಗ್ ಸಿಸ್ಟಂ ಪೂರೈಸುವ ಕಂಪನಿಯಿಂದ ನಾವು ಕೊಳ್ಳುವ ಮುಖ್ಯ ಸರಕು, ಇಂದು ಕಂಪೈಲ್ ಮಾಡಿದ್ದು ಆ ಇಸವಿಯವರೆಗೂ ಬದಲಾಗದೆ ಓಡುತ್ತದೆ ಎಂಬ ಮಾತು. ಆ ಮಾತು ಯಾರದು, ಎಲ್ಲಿ ಬರೆದಿದೆ, ಎಷ್ಟು ವರ್ಷಕ್ಕೆ ಎಂದು ನೋಡುವುದೇ ಆಯ್ಕೆಯ ತಿರುಳು ಎಂದು ಈ ಕೆಲಸದಲ್ಲಿ ಬಹುಕಾಲ ಕಳೆದ ನನ್ನ ನಂಬಿಕೆ.

ಮೊದಲು ಪ್ರೊಸೆಸರ್‌ನ ಆಯುಷ್ಯ ನೋಡಿ

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್‌ನ ವಂಶ ಹಲವು ಕಂಪನಿಗಳಲ್ಲಿ ಕವಲೊಡೆಯಿತು. ಯುನಿಕ್ಸ್ ಎಂಬ ಹೆಸರಿನ ಟ್ರೇಡ್‌ಮಾರ್ಕ್ ಈಗ ದಿ ಓಪನ್ ಗ್ರೂಪ್ ಬಳಿ ಇದೆ. ಆ ಕವಲುಗಳ ಪೈಕಿ ಬಹುಪಾಲು ಒಣಗಿರುವುದನ್ನು, ಮತ್ತು ಹೆಚ್ಚಿನವು ಒಣಗಿದ ರೀತಿ ಒಂದೇ ಆಗಿರುವುದನ್ನು ಗಮನಿಸಬೇಕು: ಅವುಗಳಿಗೆಂದೇ ಇದ್ದ ಪ್ರೊಸೆಸರ್ ಮೊದಲು ನಿಂತುಹೋಯಿತು, ಆಪರೇಟಿಂಗ್ ಸಿಸ್ಟಂ ಅದರ ಹಿಂದೆಯೇ ಹೋಯಿತು. ಎಚ್‌ಪಿ ಕಂಪನಿಯ ಎಚ್‌ಪಿ-ಯುಎಕ್ಸ್ ಇದಕ್ಕೆ ಸ್ಪಷ್ಟ ಉದಾಹರಣೆ. ಅದರ ಕೊನೆಯ ಪೀಳಿಗೆಯಾದ 11ಐ ಮೂರನೇ ಆವೃತ್ತಿ 2007ರಲ್ಲಿ ಬಂದಿತು. ಅದು ನೆಚ್ಚಿಕೊಂಡಿದ್ದ ಇಟೇನಿಯಂ ಪ್ರೊಸೆಸರ್‌ಗಳ ಕೊನೆಯ ಕಂತನ್ನು ಇಂಟೆಲ್ 2021ರ ಜುಲೈಯಲ್ಲಿ ಕಳುಹಿಸಿತು. 2025ರ ಡಿಸೆಂಬರ್ 31ಕ್ಕೆ ಅದರ ಸಾಮಾನ್ಯ ಬೆಂಬಲವೂ ಮುಗಿಯಿತು. ಇಂದು ಹೊಸ ಸಾಫ್ಟ್‌ವೇರ್‌ಗೆ ಅದನ್ನು ಆರಿಸುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನೂ ಹಳೆಯದಾದ ಟ್ರೂ64ರ ಕಥೆಯಲ್ಲಿ ಬೇರೊಂದು ಪಾಠವಿದೆ. ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯದಾಗಿದ್ದ ಅದು 1998ರಲ್ಲಿ ಕಾಂಪ್ಯಾಕ್ ಕೈಗೂ 2002ರಲ್ಲಿ ಎಚ್‌ಪಿ ಕೈಗೂ ಬಂದಿತು. ಅದರ ಕ್ಲಸ್ಟರ್ ವ್ಯವಸ್ಥೆ ಮತ್ತು ಕಡತ ವ್ಯವಸ್ಥೆಗಳನ್ನು ಎಚ್‌ಪಿ-ಯುಎಕ್ಸ್‌ಗೆ ತರುತ್ತೇವೆಂದು ಹೊಸ ಮಾಲೀಕರು ಹೇಳಿದ್ದರು. 2004ರ ಡಿಸೆಂಬರ್‌ನಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ಕಂಪನಿ ಕೈ ಬದಲಾದಾಗ ಮುನ್ನೋಟದ ಸ್ಲೈಡುಗಳಲ್ಲಿ ಇದ್ದ ಮಾತು ಉಳಿಯಬೇಕೆಂದಿಲ್ಲ. ಹಾಗಾಗಿ ಪೂರೈಕೆದಾರರು ತೋರಿಸುವ ಮುಂದಿನ ಐದು ವರ್ಷಗಳ ಚಿತ್ರವನ್ನು ಕೇಳಿಸಿಕೊಳ್ಳಿ, ಆದರೆ ಲೆಕ್ಕಕ್ಕೆ ಹಿಡಿಯುವುದು ಪ್ರಕಟವಾದ ಬೆಂಬಲ ನೀತಿಯಲ್ಲಿ ದಿನಾಂಕ ಸಮೇತ ಇರುವುದನ್ನು ಮಾತ್ರ.

ಈ ಅಳತೆಗೋಲಿನಿಂದ ನೋಡಿದರೆ ಹಳೆಯ ವಂಶದಲ್ಲಿ ಗಂಭೀರವಾಗಿ ಉಳಿದಿರುವುದು ಎರಡು. ಐಬಿಎಂನ ಎಐಎಕ್ಸ್ 7.3 ಆವೃತ್ತಿ 2021ರ ಡಿಸೆಂಬರ್‌ನಲ್ಲಿ ಬಂದಿತು; ಅದು ಓಡುವ ಪವರ್ ಪ್ರೊಸೆಸರ್ ಇನ್ನೂ ಬೆಳೆಯುತ್ತಿದೆ, ಪವರ್11 ಯಂತ್ರಗಳು 2025ರ ಜುಲೈಯಲ್ಲಿ ಮಾರುಕಟ್ಟೆಗೆ ಬಂದವು. ಸೊಲಾರಿಸ್‌ನ ಸ್ಥಿತಿ ಬೇರೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯನ್ನು ಒರೇಕಲ್ 2010ರಲ್ಲಿ ಕೊಂಡ ಮೇಲೆ 2018ರ ಆಗಸ್ಟ್‌ನಲ್ಲಿ 11.4 ಬಂದಿತು. ಅದರ ಬೆಂಬಲ 2030ರ ದಶಕದೊಳಕ್ಕೂ ಚಾಚಿದೆ, ಪ್ಯಾಚುಗಳೂ ಕ್ರಮವಾಗಿ ಬರುತ್ತಿವೆ. ಆದರೆ ಸೊಲಾರಿಸ್ ಮುಖ್ಯವಾಗಿ ಓಡುವ ಸ್ಪಾರ್ಕ್ ಪ್ರೊಸೆಸರ್‌ಗಳಲ್ಲಿ, 2017ರ ಎಂ8 ಆದ ಮೇಲೆ ಒರೇಕಲ್‌ನಿಂದ ಹೊಸದು ಬಂದಿಲ್ಲ. ಝಡ್‌ಎಫ್‌ಎಸ್ ಕಡತ ವ್ಯವಸ್ಥೆ, ಓಡುತ್ತಿರುವ ಪ್ರೋಗ್ರಾಂನ ಒಳಗನ್ನು ತೋರಿಸುವ ಡಿಟ್ರೇಸ್, ಒಂದೇ ಯಂತ್ರವನ್ನು ಪ್ರತ್ಯೇಕ ವಿಭಾಗಗಳಾಗಿಸುವ ಝೋನ್‌ಗಳಂತಹ ಅಪೂರ್ವ ಕೆಲಸ ಮಾಡಿದ ವ್ಯವಸ್ಥೆ ಅದು, ನನಗೆ ಬಹಳ ಪ್ರೀತಿಯದು. ಆದರೂ ಸೊಲಾರಿಸ್ ಈಗಾಗಲೇ ಇರುವ ಗ್ರಾಹಕರಿಗೆ ಸೇವೆ ಮುಂದುವರಿಸಬಹುದೇ ಹೊರತು ಹೊಸ ಉತ್ಪನ್ನವನ್ನು ಅದರ ಮೇಲೆ ಆರಂಭಿಸಲು ನಾನು ಯಾರಿಗೂ ಸಲಹೆ ನೀಡಲಾರೆ.

ಗ್ರಾಹಕರ ಸರ್ವರ್ ಕೋಣೆಯಿಂದ ಹೊರಡಿ

ಡೆವಲಪರ್‌ಗಳು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಇಷ್ಟಪಟ್ಟು ಬಳಸುವ ವ್ಯವಸ್ಥೆಯಿಂದ ಆಯ್ಕೆ ಆರಂಭವಾದರೆ ಅದು ಸಾಮಾನ್ಯವಾಗಿ ತಪ್ಪು ಕಡೆಯಿಂದ ಆರಂಭವಾದಂತೆ. ಮೊದಲು ನಿಮ್ಮ ಹತ್ತು ಪ್ರಮುಖ ಗ್ರಾಹಕರ, ಇನ್ನೂ ಗ್ರಾಹಕರಿಲ್ಲದಿದ್ದರೆ ನೀವು ಮಾರಬೇಕೆಂದಿರುವ ಹತ್ತು ಸಂಸ್ಥೆಗಳ, ಸರ್ವರ್ ಕೋಣೆಗಳಲ್ಲಿ ಏನಿದೆ ಎಂದು ಪಟ್ಟಿ ಮಾಡಿ: ಯಂತ್ರ ಯಾವುದು, ಅದು ಯಾವ ವರ್ಷದ್ದು, ಡೇಟಾಬೇಸ್ ಯಾವುದು, ಅದನ್ನು ನೋಡಿಕೊಳ್ಳುವವರು ಯಾರು. ದೊಡ್ಡ ಬ್ಯಾಂಕುಗಳಲ್ಲಿ ಪವರ್ ಯಂತ್ರಗಳೂ ಎಐಎಕ್ಸ್ ಬಲ್ಲ ತಂಡಗಳೂ ಸಿಗಬಹುದು. ತಾಲ್ಲೂಕು ಮಟ್ಟದ ಪತ್ತಿನ ಸಹಕಾರ ಸಂಘದಲ್ಲಿ ಮೂಲೆಯಲ್ಲಿರುವ ಒಂದೇ ಸರ್ವರ್ ಹತ್ತು ವರ್ಷ ಹಳೆಯದಾಗಿದ್ದು, ಅದನ್ನು ನೋಡಿಕೊಳ್ಳುವವರು ವಾರಕ್ಕೊಮ್ಮೆ ಬಂದು ಹೋಗುವ ತಂತ್ರಜ್ಞರಾಗಿರಬಹುದು.

ಯಂತ್ರದ ವಯಸ್ಸು ಸಣ್ಣ ವಿಷಯವೆಂದು ಬಿಡಬೇಡಿ. ಯುನಿಕ್ಸ್ ಮಾದರಿಯಲ್ಲೇ ರೂಪುಗೊಂಡ ಲಿನಕ್ಸ್‌ಗಳಲ್ಲಿ ಒಂದಾದ, 2025ರ ಮೇ ತಿಂಗಳಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಓಡಲು ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಮೂರನೇ ಮಟ್ಟದ ಸೂಚನಾ ಗಣ ಬೇಕು. ಇಂಟೆಲ್ ಅದನ್ನು 2013ರ ಹ್ಯಾಸ್ವೆಲ್ ಪೀಳಿಗೆಯಿಂದ ನೀಡಿತು. ಅದಕ್ಕಿಂತ ಹಳೆಯ ಸರ್ವರ್ ಇದ್ದಲ್ಲಿ ಆ ಆವೃತ್ತಿ ಆರಂಭವೇ ಆಗದು. ಅದಕ್ಕೆ ಹೊಂದಿಕೊಳ್ಳುವಂತೆ ಕಟ್ಟಲಾಗುವ ಆಲ್ಮಾ ಲಿನಕ್ಸ್ 10 ಹಳೆಯ ಎರಡನೇ ಮಟ್ಟದ ಯಂತ್ರಗಳಿಗೂ ಪ್ರತ್ಯೇಕ ಆವೃತ್ತಿ ಕೊಡುತ್ತದೆ. ಹಳೆಯ ಸರ್ವರ್‌ಗಳಲ್ಲೇ ದಿನ ದೂಡುವ ಗ್ರಾಹಕರು ಹೆಚ್ಚಿದ್ದರೆ ಆಯ್ಕೆಯನ್ನು ತೀರ್ಮಾನಿಸಲು ಈ ಒಂದು ಅಂಶವೇ ಸಾಕಾಗಬಹುದು.

ಇನ್ನು ಡೇಟಾಬೇಸ್. ವ್ಯವಹಾರದ ಸಾಫ್ಟ್‌ವೇರ್‌ನಲ್ಲಿ ಆಪರೇಟಿಂಗ್ ಸಿಸ್ಟಂಗಿಂತ ಡೇಟಾಬೇಸ್‌ನ ಪರವಾನಗಿಗೇ ಹೆಚ್ಚು ಹಣ ಹೋಗುವುದುಂಟು, ಮತ್ತು ಅದರ ಬೆಲೆ ಯಂತ್ರದ ಆಯ್ಕೆಯೊಂದಿಗೆ ಹೆಣೆದುಕೊಂಡಿರುತ್ತದೆ. ಒರೇಕಲ್ ಡೇಟಾಬೇಸ್‌ನ್ನು ಪ್ರೊಸೆಸರ್ ಲೆಕ್ಕದಲ್ಲಿ ಕೊಂಡಾಗ ಇಂಟೆಲ್ ಝಿಯಾನ್‌ನ ಪ್ರತಿ ಕೋರ್‌ಗೆ 0.5, ಐಬಿಎಂ ಪವರ್‌ನ ಪ್ರತಿ ಕೋರ್‌ಗೆ 1.0 ಎಂಬ ಗುಣಕವಿದೆ. ಅಂದರೆ 16 ಕೋರ್‌ಗಳಿಗೆ ಒಂದೆಡೆ 8, ಇನ್ನೊಂದೆಡೆ 16 ಪರವಾನಗಿ ಬೇಕು. ಪವರ್‌ನ ಒಂದೊಂದು ಕೋರ್ ಹೆಚ್ಚು ಕೆಲಸ ಮಾಡುತ್ತದೆ ಎಂಬ ವಾದಕ್ಕೆ ಬಲವಿದೆ, ಆದರೆ ಆ ಹೆಚ್ಚಳ ಎಷ್ಟೆಂಬುದನ್ನು ನಿಮ್ಮ ಪ್ರೋಗ್ರಾಂ ಓಡಿಸಿ ಅಳೆದು ನೋಡದೆ ಒಪ್ಪಿಕೊಳ್ಳಬಾರದು. ಕೆಲವು ಕಡೆ ಆಯ್ಕೆಯೇ ಇರುವುದಿಲ್ಲ: ಎಸ್‌ಎಪಿ ಕಂಪನಿಯ ಹಾನಾ ಡೇಟಾಬೇಸ್ ಜೊತೆ ಮಾತನಾಡಬೇಕಾದ ಸಾಫ್ಟ್‌ವೇರ್ ಅದೇ ಸರ್ವರ್‌ನಲ್ಲಿ ಕೂರಬೇಕಿದ್ದರೆ, ಹಾನಾ ಸರ್ವರ್ ಓಡುವುದು ಸೂಸೆ ಮತ್ತು ರೆಡ್ ಹ್ಯಾಟ್ ಕಂಪನಿಗಳ ಲಿನಕ್ಸ್‌ಗಳಲ್ಲಿ ಮಾತ್ರ. ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಯಂತ್ರ ಈ ಮೂರರ ಆವೃತ್ತಿಗಳೂ ಒಟ್ಟಿಗೆ ಪ್ರಮಾಣಿತವಾಗಿವೆಯೇ ಎಂಬುದನ್ನು ಮೂರೂ ಕಂಪನಿಗಳ ಪಟ್ಟಿಗಳಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಎರಡರಲ್ಲಿ ಇದ್ದು ಮೂರನೆಯದರಲ್ಲಿ ಇಲ್ಲದಿದ್ದರೆ, ತೊಂದರೆ ಬಂದ ದಿನ ಮೂವರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುವಾಗ ನೀವು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗುತ್ತೀರಿ.

ಲಿನಕ್ಸ್‌ನಲ್ಲಿ ಹಣ ಕೊಡುವುದು ಯಾವುದಕ್ಕೆ

ಇಂದು ಬಹುತೇಕ ಹೊಸ ಉತ್ಪನ್ನಗಳು ಲಿನಕ್ಸ್ ಮೇಲೆಯೇ ಆರಂಭವಾಗುತ್ತವೆ, ಅದು ಸರಿಯೂ ಹೌದು. ಇಲ್ಲಿ ಪೂರೈಕೆದಾರರ ನಡುವಿನ ವ್ಯತ್ಯಾಸ ಇರುವುದು ಅವಧಿಯಲ್ಲಿ ಮತ್ತು ಆ ಅವಧಿಯಲ್ಲಿ ಏನನ್ನು ಬದಲಾಯಿಸುವುದಿಲ್ಲ ಎಂಬುದರಲ್ಲಿ. ರೆಡ್ ಹ್ಯಾಟ್ ತನ್ನ ಪ್ರತಿ ಮುಖ್ಯ ಆವೃತ್ತಿಗೆ 10 ವರ್ಷ ಕೊಡುತ್ತದೆ: 2019ರ ಎಂಟನೆಯದು 2029ರ ಮೇವರೆಗೆ, 2022ರ ಒಂಬತ್ತನೆಯದು 2032ರ ಮೇವರೆಗೆ. ಇದಲ್ಲದೆ ಯಾವ ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಸಂಕೇತದ ಕಟ್ಟು) ಎಷ್ಟು ಆವೃತ್ತಿಗಳವರೆಗೆ ಹೊಂದಿಕೊಳ್ಳುತ್ತದೆ ಎಂದು ಮಟ್ಟಗಳಾಗಿ ವಿಂಗಡಿಸಿ ಬರೆದು ಪ್ರಕಟಿಸಿದೆ. ಸಿ ಲೈಬ್ರರಿಯಂತಹವು ಮೇಲಿನ ಮಟ್ಟದಲ್ಲಿವೆ, ಹೆಚ್ಚಿನವು ಕೆಳಗಿನ ಮಟ್ಟಗಳಲ್ಲಿವೆ. ನಿಮ್ಮ ಪ್ರೋಗ್ರಾಂ ಬಳಸುವ ಪ್ರತಿಯೊಂದು ಲೈಬ್ರರಿಯೂ ಯಾವ ಮಟ್ಟದಲ್ಲಿದೆ ಎಂದು ಒಂದು ಸಂಜೆ ಕುಳಿತು ಗುರುತಿಸಿದರೆ ಮುಂದಿನ ಹತ್ತು ವರ್ಷಗಳ ತೊಂದರೆಗಳು ಎಲ್ಲಿಂದ ಬರುತ್ತವೆ ಎಂಬುದು ಅಂದೇ ಕಾಣುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಬರುತ್ತವೆ, 5 ವರ್ಷದ ಸಾಮಾನ್ಯ ಬೆಂಬಲವಿದೆ, ಉಬುಂಟು ಪ್ರೊ ಚಂದಾ ಇದ್ದರೆ ಅದು 10 ವರ್ಷಕ್ಕೆ ಹಿಗ್ಗುತ್ತದೆ. ಇಲ್ಲಿ ಹಲವರು ಎಡವುವುದು ಒಂದು ಕಡೆ: ಚಂದಾ ಇಲ್ಲದ ಐದು ವರ್ಷಗಳ ಭದ್ರತಾ ಭರವಸೆ ಮುಖ್ಯ ಭಂಡಾರದ ಪ್ಯಾಕೇಜುಗಳಿಗೆ ಮಾತ್ರ, ಯೂನಿವರ್ಸ್ ಎಂಬ ದೊಡ್ಡ ಭಂಡಾರಕ್ಕೆ ಅಲ್ಲ. ನೀವು ಬಳಸುವ ಪ್ಯಾಕೇಜು ಯಾವ ಭಂಡಾರದ್ದು ಎಂದು ನೋಡಿ. ಡೆಬಿಯನ್ ಒಳ್ಳೆಯ ವ್ಯವಸ್ಥೆ, ಆದರೆ ಅದರ ಒಟ್ಟು ಐದು ವರ್ಷಗಳ ಆಯುಷ್ಯವನ್ನು ನೀವು ಮೊದಲೇ ಬರೆದಿಟ್ಟ ಇಸವಿಯೊಂದಿಗೆ ಹೋಲಿಸಿ ನೋಡಬೇಕು.

ಹಣ ಕೊಡದೆ ಪಡೆಯುವ ವ್ಯವಸ್ಥೆಗಳ ಬಗ್ಗೆ ಸೆಂಟ್‌ಒಎಸ್‌ನ ಅನುಭವವನ್ನು ಮರೆಯಬಾರದು. ರೆಡ್ ಹ್ಯಾಟ್‌ನ ಮೂಲದಿಂದಲೇ ಕಟ್ಟಿದ, ಉಚಿತವಾದ ಸೆಂಟ್‌ಒಎಸ್ 8ರ ಬೆಂಬಲ 2029ರವರೆಗೆ ಇರುತ್ತದೆಂದು ನಂಬಿ ಅಸಂಖ್ಯ ಕಂಪನಿಗಳು ಅದರ ಮೇಲೆ ಉತ್ಪನ್ನಗಳನ್ನು ಕಟ್ಟಿದ್ದವು. 2020ರ ಡಿಸೆಂಬರ್ 8ರಂದು, ಅದು 2021ರ ಕೊನೆಗೇ ನಿಲ್ಲುತ್ತದೆಂಬ ಪ್ರಕಟಣೆ ಬಂದಿತು. ಹಣ ಕೊಡದವರಿಗೆ ಆ ಮಾತನ್ನು ಉಳಿಸಿಕೊಡಿ ಎಂದು ಕೇಳಲು ಯಾವ ಒಪ್ಪಂದವೂ ಇರಲಿಲ್ಲ. ಆ ಬಳಿಕ ಹುಟ್ಟಿದ ಆಲ್ಮಾ ಮತ್ತು ರಾಕಿ ಲಿನಕ್ಸ್‌ಗಳು ಆ ಜಾಗವನ್ನು ಚೆನ್ನಾಗಿ ತುಂಬಿವೆ. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ಮೂಲ ಸಂಕೇತವನ್ನು ಸಾರ್ವಜನಿಕವಾಗಿ ನೀಡುವ ರೀತಿಯನ್ನು ಬದಲಾಯಿಸಿದಾಗಲೂ ಎರಡೂ ತಮ್ಮ ತಮ್ಮ ದಾರಿ ಕಂಡುಕೊಂಡವು. ನನ್ನ ಸಲಹೆ ಹೀಗಿದೆ: ಪರೀಕ್ಷೆ ಮತ್ತು ಅಭಿವೃದ್ಧಿಯ ಯಂತ್ರಗಳಲ್ಲಿ ಉಚಿತ ಆವೃತ್ತಿ ಇರಲಿ, ಗ್ರಾಹಕರ ಹಣದ ಲೆಕ್ಕ ಇರುವ ಯಂತ್ರದಲ್ಲಿ, ತೊಂದರೆ ಬಂದರೆ ಉತ್ತರಿಸಬೇಕಾದವರ ಹೆಸರು ಒಪ್ಪಂದದಲ್ಲಿರುವ ಆವೃತ್ತಿ ಇರಲಿ. ಎರಡೂ ಒಂದೇ ಕುಟುಂಬದವಾಗಿದ್ದರೆ ಒಂದರಲ್ಲಿ ಕಟ್ಟಿದ್ದು ಇನ್ನೊಂದರಲ್ಲಿ ಸಾಮಾನ್ಯವಾಗಿ ಹಾಗೆಯೇ ಓಡುತ್ತದೆ.

ಎರಡು ವಾರಗಳ ಪರೀಕ್ಷೆ

ಪಟ್ಟಿಯಲ್ಲಿ ಎರಡು ಅಥವಾ ಮೂರು ಹೆಸರು ಉಳಿದ ಮೇಲೆ, ನಿಮ್ಮ ಸಾಫ್ಟ್‌ವೇರ್‌ನ ಅತ್ಯಂತ ಹಳೆಯ ಮತ್ತು ಕಠಿಣವಾದ ಭಾಗವನ್ನು ಅವುಗಳ ಮೇಲೆ ಎರಡು ವಾರ ಕಟ್ಟಿ ಓಡಿಸಬೇಕು. ಹೊಸದಾಗಿ ಬರೆದ ಚೊಕ್ಕ ಭಾಗವನ್ನು ಆರಿಸಿಕೊಂಡರೆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಜಾವಾದಲ್ಲಿ ಬರೆದಿದ್ದರೆ ಮುಂದೆ ಹೇಳುವ ಬಹುಪಾಲು ತೊಡಕುಗಳು ನಿಮಗಿಲ್ಲ. ಸಿ ಮತ್ತು ಸಿ++ ಇದ್ದವರು ಮಾತ್ರ ಇವನ್ನು ಒಂದೊಂದಾಗಿ ನೋಡಲೇಬೇಕು.

ಇಂಟೆಲ್ ಯಂತ್ರದ ಲಿನಕ್ಸ್‌ನಿಂದ ಎಐಎಕ್ಸ್‌ಗೆ ಹೋದರೆ ಬೈಟುಗಳ ಅನುಕ್ರಮವೇ ತಿರುಗುಮುರುಗಾಗುತ್ತದೆ, ಆದ್ದರಿಂದ ಸ್ಮೃತಿಯಲ್ಲಿದ್ದ ರಚನೆಯನ್ನು ಇದ್ದ ಹಾಗೆ ಕಡತಕ್ಕೆ ಬರೆದಿಟ್ಟ ದಾಖಲೆಗಳು ಅಲ್ಲಿ ತಪ್ಪಾಗಿ ಓದಲ್ಪಡುತ್ತವೆ. ಒಂದು ಅಕ್ಷರ ಹಿಡಿಸುವ ಚಾರ್ ಎಂಬ ಮಾದರಿ ಇಂಟೆಲ್ ಲಿನಕ್ಸ್‌ನಲ್ಲಿ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಎಐಎಕ್ಸ್‌ನಲ್ಲಿ ಹಿಡಿಯುವುದಿಲ್ಲ. ಕಡತದ ಕೊನೆಯನ್ನು ಮೈನಸ್ ಒಂದರೊಂದಿಗೆ ಹೋಲಿಸಿ ಗುರುತಿಸುವ ಹಳೆಯ ಲೂಪು ಅಲ್ಲಿ ಕೊನೆಗಾಣದೆ ಸುತ್ತುತ್ತದೆ. ಸೊನ್ನೆ ವಿಳಾಸವನ್ನು ಓದುವ ತಪ್ಪು ಪಾಯಿಂಟರ್ ಲಿನಕ್ಸ್‌ನಲ್ಲಿ ಪ್ರೋಗ್ರಾಂ ಅನ್ನು ಒಡನೆಯೇ ಬೀಳಿಸುತ್ತದೆ, ಎಐಎಕ್ಸ್‌ನಲ್ಲಿ ಅದೇ ಓದು ಸದ್ದಿಲ್ಲದೆ ನಡೆದುಹೋಗುತ್ತದೆ. ಸ್ಪಾರ್ಕ್‌ನಲ್ಲಿ, ಸರಿಯಾದ ಗಡಿಗೆ ಹೊಂದದ ವಿಳಾಸದಿಂದ ಸಂಖ್ಯೆ ಓದಿದರೆ ಪ್ರೋಗ್ರಾಂ ಬಸ್ ದೋಷದಿಂದ ನಿಲ್ಲುತ್ತದೆ, ಇಂಟೆಲ್ ಅದನ್ನು ಸಹಿಸಿಕೊಳ್ಳುತ್ತದೆ. ಇವುಗಳಲ್ಲಿ ಯಾವುದೂ ಪೂರೈಕೆದಾರರ ತಪ್ಪಲ್ಲ. ಎರಡು ವ್ಯವಸ್ಥೆಗಳಲ್ಲಿ ಓಡಿಸಿ ನೋಡಿದ ಸಾಫ್ಟ್‌ವೇರ್‌ನಲ್ಲಿ ಅಡಗಿದ್ದ ದೋಷಗಳು ಹೊರಬೀಳುವುದು ಈ ಕಾರಣಕ್ಕೇ. ಆದ್ದರಿಂದಲೇ ಗ್ರಾಹಕರು ಒಬ್ಬರೂ ಇಲ್ಲದಿದ್ದರೂ ಎರಡನೇ ಪೂರೈಕೆದಾರರ ವ್ಯವಸ್ಥೆಯ ಮೇಲೆ ಪ್ರತಿ ರಾತ್ರಿ ಕಟ್ಟಿ ಪರೀಕ್ಷಿಸುವ ಅಭ್ಯಾಸ ಮೊದಲ ದಿನದಿಂದ ಇರಲಿ ಎಂದು ನಾನು ಒತ್ತಾಯಿಸುತ್ತೇನೆ. ಮುಂದೊಂದು ದಿನ ಪೂರೈಕೆದಾರರನ್ನು ಬಿಡಬೇಕಾಗಿ ಬಂದರೆ ಹೊರಬರುವ ದಾರಿಯೂ ಅದೇ ಆಗಿರುತ್ತದೆ.

ಲಿನಕ್ಸ್‌ಗಳ ನಡುವೆಯೇ ಇರುವ ದೊಡ್ಡ ತೊಡಕು ಸಿ ಲೈಬ್ರರಿಯ ಆವೃತ್ತಿ. ರೆಡ್ ಹ್ಯಾಟ್ 7ರಲ್ಲಿ ಅದು 2.17, ಎಂಟರಲ್ಲಿ 2.28, ಒಂಬತ್ತರಲ್ಲಿ 2.34, ಉಬುಂಟು 24.04ರಲ್ಲಿ 2.39. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡಬೇಕೆಂದಿಲ್ಲ. ಹೀಗಾಗಿ ನೀವು ಬೆಂಬಲಿಸುವ ಅತಿ ಹಳೆಯ ಆವೃತ್ತಿಯ ಮೇಲೆಯೇ ಕಟ್ಟಬೇಕು. ಅಲ್ಲಿನ ಹಳೆಯ ಕಂಪೈಲರ್ ಸಾಲದೆಂದು ಬೇಸರಪಡಬೇಕಿಲ್ಲ: ಹಳೆಯ ನೆಲೆಯ ಮೇಲೆಯೇ ಹೊಸ ಕಂಪೈಲರ್ ಕೂರಿಸುವ ಟೂಲ್‌ಸೆಟ್‌ಗಳನ್ನು ರೆಡ್ ಹ್ಯಾಟ್ ಒದಗಿಸುತ್ತದೆ. ಪೂರೈಕೆದಾರರನ್ನು ತೂಗುವಾಗ ಇಂತಹ ಟೂಲ್‌ಸೆಟ್ ಇದೆಯೇ ಎಂದು ಕೇಳಿ.

ಈ 2.28ರಲ್ಲಿ ಇನ್ನೊಂದು ಅಪಾಯ ಅಡಗಿತ್ತು, ಅದನ್ನು ನಾವು ಕಲಿತದ್ದು ಕಷ್ಟಪಟ್ಟು. ಪತ್ತಿನ ಸಂಘವೊಂದರ ಸರ್ವರನ್ನು ರೆಡ್ ಹ್ಯಾಟ್‌ನ ಏಳರಿಂದ ಎಂಟನೇ ಪೀಳಿಗೆಗೆ ಬದಲಾಯಿಸುವಾಗ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಡತಗಳನ್ನು ಇದ್ದ ಹಾಗೆಯೇ ಹೊಸ ಯಂತ್ರಕ್ಕೆ ಸಾಗಿಸಿದೆವು. ಎಲ್ಲವೂ ಸರಿಯಾಗಿ ಆರಂಭವಾಯಿತು. ಮೂರನೇ ದಿನ, ಕಣ್ಣೆದುರಿಗೇ ಪಾಸ್‌ಬುಕ್ ಹಿಡಿದು ನಿಂತಿದ್ದ ಸದಸ್ಯರೊಬ್ಬರ ಹೆಸರು ಹುಡುಕಿದರೆ ಸಿಗಲಿಲ್ಲ. ಸಿ ಲೈಬ್ರರಿಯ 2.28 ಆವೃತ್ತಿಯಲ್ಲಿ ಅಕ್ಷರಗಳನ್ನು ಅನುಕ್ರಮದಲ್ಲಿ ಜೋಡಿಸುವ ನಿಯಮಗಳೇ ಬದಲಾಗಿದ್ದವು. ಹಳೆಯ ನಿಯಮದಂತೆ ಜೋಡಿಸಿದ್ದ ಸೂಚಿಗಳಲ್ಲಿ (ಇಂಡೆಕ್ಸ್‌ಗಳಲ್ಲಿ) ಹೊಸ ನಿಯಮದಂತೆ ಹುಡುಕಿದರೆ ಇರುವ ಹೆಸರೂ ಕಾಣದು. ಆ ರಾತ್ರಿ ಎಲ್ಲ ಸೂಚಿಗಳನ್ನೂ ಮರಳಿ ಕಟ್ಟಿದೆವು. ತಪ್ಪು ನಮ್ಮದೇ, ಆ ಬದಲಾವಣೆಯ ಬಗ್ಗೆ ಎಚ್ಚರಿಕೆ ಪ್ರಕಟವಾಗಿತ್ತು, ನಾವು ಓದಿರಲಿಲ್ಲ. ಪರೀಕ್ಷೆಯ ದತ್ತಾಂಶದಲ್ಲಿ ಇಂಗ್ಲಿಷ್ ಹೆಸರುಗಳಷ್ಟೇ ಇರದೆ ಕನ್ನಡದ ಹೆಸರುಗಳೂ ಇರಬೇಕೆಂದು ಅಂದಿನಿಂದ ನಿಯಮ ಮಾಡಿಕೊಂಡೆವು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ‘ಕೃಷ್ಣಮೂರ್ತಿ’ ಎಂಬ ಹೆಸರಿನಲ್ಲಿ 11 ಸಂಕೇತಗಳು, 33 ಬೈಟುಗಳು, ಅಂದರೆ 30 ಬೈಟುಗಳ ಅಂಕಣದಲ್ಲಿ ಅದು ಹಿಡಿಸುವುದಿಲ್ಲ.

ಸ್ಕ್ರಿಪ್ಟ್‌ಗಳ ಬಗ್ಗೆ ಒಂದು ಮಾತು ಸಾಕು: ಸೆಡ್ ಆಜ್ಞೆಯಿಂದ ಕಡತವನ್ನು ಇದ್ದಲ್ಲೇ ತಿದ್ದುವುದು, ಡೇಟ್ ಆಜ್ಞೆಯಿಂದ ನಿನ್ನೆಯ ದಿನಾಂಕ ಪಡೆಯುವುದು ಇವೆಲ್ಲ ಲಿನಕ್ಸ್‌ನೊಂದಿಗೆ ಬರುವ ಗ್ನೂ ಉಪಕರಣಗಳ ಸೌಲಭ್ಯಗಳು, ಎಲ್ಲ ಯುನಿಕ್ಸ್‌ಗಳಿಗೂ ಸಾಮಾನ್ಯವಾದ ಪಾಸಿಕ್ಸ್ ಮಾನಕದಲ್ಲಿ ಇಲ್ಲ; ಬೇರೆ ವ್ಯವಸ್ಥೆಯಲ್ಲಿ ಅವನ್ನು ನೆಚ್ಚಬೇಡಿ.

ಬೆಂಬಲವನ್ನು ಕೊಳ್ಳುವ ಮೊದಲೇ ಪರೀಕ್ಷಿಸಿ

ಬೆಂಬಲದ ಒಪ್ಪಂದದಲ್ಲಿ ನೋಡಬೇಕಾದದ್ದು ಗಡಿಯಾರ. ರೆಡ್ ಹ್ಯಾಟ್‌ನ ಸ್ಟ್ಯಾಂಡರ್ಡ್ ಚಂದಾದಲ್ಲಿ ಉತ್ತರ ಸಿಗುವುದು ಕಚೇರಿಯ ವೇಳೆಯಲ್ಲಿ; ಪ್ರೀಮಿಯಂನಲ್ಲಿ, ಉತ್ಪಾದನಾ ಯಂತ್ರ ನಿಂತಂತಹ ಅತಿ ಗಂಭೀರ ತೊಂದರೆಗೆ, ಹಗಲು ರಾತ್ರಿ ಯಾವಾಗಲಾದರೂ ಒಂದು ಗಂಟೆಯೊಳಗೆ ಮೊದಲ ಉತ್ತರ. ಮಾರ್ಚ್ 31ರ ರಾತ್ರಿ ವರ್ಷದ ಲೆಕ್ಕ ಮುಗಿಸುವ ಗ್ರಾಹಕರಿರುವವರಿಗೆ ಈ ವ್ಯತ್ಯಾಸದ ಅರ್ಥವನ್ನು ವಿವರಿಸಬೇಕಿಲ್ಲ. ಮೊದಲ ಉತ್ತರ ಬೇರೆ, ಪರಿಹಾರ ಬೇರೆ ಎಂಬುದನ್ನೂ ನೆನಪಿಡಿ. ಪ್ರಾಯೋಗಿಕ ಅವಧಿಯಲ್ಲೇ ನಿಜವಾದ, ಕಠಿಣವಾದ ಪ್ರಶ್ನೆಯೊಂದನ್ನು ಕಳುಹಿಸಿ, ಉತ್ತರ ಬರೆದವರು ನಿಮ್ಮ ಪ್ರಶ್ನೆಯನ್ನು ಓದಿದ್ದಾರೆಯೇ ಎಂದು ನೋಡಿ.

ಭದ್ರತಾ ಪ್ಯಾಚುಗಳ ವಿಷಯದಲ್ಲಿ ಗ್ರಾಹಕರ ಆಡಿಟರ್‌ಗಳಿಗೆ ನೀವು ಉತ್ತರಿಸಬೇಕಾಗುತ್ತದೆ. ಇಂತಹ ಪೂರೈಕೆದಾರರು ಆವೃತ್ತಿ ಸಂಖ್ಯೆಯನ್ನು ಹೆಚ್ಚಿಸದೆ ಹಳೆಯ ಆವೃತ್ತಿಗೇ ತೇಪೆ ಹಾಕುತ್ತಾರೆ. ರೆಡ್ ಹ್ಯಾಟ್ 8ರಲ್ಲಿ, ದೂರದಿಂದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್ ಎಸ್‌ಎಸ್‌ಎಚ್‌ನ 8.0 ಆವೃತ್ತಿ ಇರುವುದನ್ನು ಕಂಡು ಭದ್ರತಾ ಸ್ಕ್ಯಾನರ್ ಕೆಂಪು ಬಣ್ಣದ ವರದಿ ಕೊಡಬಹುದು. ಆದರೆ 2024ರಲ್ಲಿ ಓಪನ್ ಎಸ್‌ಎಸ್‌ಎಚ್‌ನ 8.5ರಿಂದ 9.7ರವರೆಗಿನ ಆವೃತ್ತಿಗಳಲ್ಲಿ ಗಂಭೀರ ದೋಷ ಪತ್ತೆಯಾದಾಗ ಅದರಿಂದ ಆ ಹಳೆಯ 8.0ಕ್ಕೆ ಬಾಧೆ ಇರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಸಂಕುಚನ ಲೈಬ್ರರಿಯೊಳಗೆ ದುರುದ್ದೇಶದಿಂದ ಸೇರಿಸಿದ್ದ ಹಿಂಬಾಗಿಲು ಪತ್ತೆಯಾದಾಗ, ಅದು ತಲುಪಿದ್ದು ಡೆಬಿಯನ್‌ನ ಪರೀಕ್ಷಾ ಶಾಖೆ, ಫೆಡೋರಾದ ಪೂರ್ವ ಆವೃತ್ತಿಗಳಂತಹ ಹೊಚ್ಚಹೊಸ ಭಂಡಾರಗಳನ್ನು ಮಾತ್ರ. ದೀರ್ಘಾವಧಿಯ ಆವೃತ್ತಿಗಳನ್ನು ಅಲ್ಲ. ನಿಧಾನವಾಗಿ ಹೆಜ್ಜೆ ಇಡುವ ಪೂರೈಕೆದಾರರಿಗೆ ಹಣ ಕೊಡಲು ಇದೂ ಒಂದು ಕಾರಣ. ಯಾವ ದೋಷಕ್ಕೆ ಯಾವ ಪ್ಯಾಚಿನಲ್ಲಿ ಪರಿಹಾರ ಸಿಕ್ಕಿದೆ ಎಂಬ ಪಟ್ಟಿಯನ್ನು ಯಂತ್ರಗಳೂ ಓದಬಲ್ಲ ರೂಪದಲ್ಲಿ ಪ್ರಕಟಿಸುವವರನ್ನೇ ಆರಿಸಿ.

ಭಾರತದಲ್ಲಿ ಸೇವೆ ನೀಡುವವರಿಗೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವೂ ಅನ್ವಯವಾಗುತ್ತದೆ: ಪಟ್ಟಿ ಮಾಡಿರುವ ಭದ್ರತಾ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು, 180 ದಿನಗಳ ಲಾಗ್‌ಗಳನ್ನು ಕಾಪಿಡಬೇಕು, ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ (ಎನ್‌ಪಿಎಲ್) ಸಮಯಕ್ಕೆ ಹೊಂದಿಸಬೇಕು. ತೊಂದರೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಏನಾಯಿತೆಂದು ಹೇಳಲು ನಿಮ್ಮ ಪೂರೈಕೆದಾರರ ನೆರವು ಬೇಕಾಗಬಹುದು. ಅದು ಸಿಗುವ ಬಗೆಯನ್ನು ಮೊದಲೇ ಮಾತಾಡಿಕೊಳ್ಳಿ.

ಕೆಲಸಗಾರರ ಲಭ್ಯತೆಯನ್ನೂ ಖರ್ಚಿನ ಪುಟಕ್ಕೆ ಸೇರಿಸಬೇಕು. ಬೆಂಗಳೂರಿನಲ್ಲಿ ಲಿನಕ್ಸ್ ಬಲ್ಲವರನ್ನು ಹುಡುಕುವುದು ಸುಲಭ, ಎಐಎಕ್ಸ್ ಆಡಳಿತದಲ್ಲಿ ಪಳಗಿದವರು ಕಡಿಮೆ; ಅಂತಹ ಒಬ್ಬರ ಮೇಲೆಯೇ ಇಡೀ ಉತ್ಪನ್ನ ನಿಂತಿದ್ದರೆ ಅವರು ರಜೆ ಹಾಕಿದ ವಾರವೂ ಅಪಾಯದ ವಾರವೇ.

ಕೊನೆಯದಾಗಿ, ಇಷ್ಟೆಲ್ಲ ತೂಗಿ ಆರಿಸಿದ ಮೇಲೆ ಗ್ರಾಹಕರೊಂದಿಗಿನ ಒಪ್ಪಂದದಲ್ಲಿ ಆಪರೇಟಿಂಗ್ ಸಿಸ್ಟಂನ ಹೆಸರು, ಆವೃತ್ತಿ ಮತ್ತು ಅದರ ಬೆಂಬಲ ಮುಗಿಯುವ ದಿನಾಂಕವನ್ನು ಒಂದೇ ವಾಕ್ಯದಲ್ಲಿ ನಮೂದಿಸಿ. ಆ ದಿನಾಂಕಕ್ಕೆ 18 ತಿಂಗಳ ಮೊದಲು ಮುಂದಿನ ಆವೃತ್ತಿಗೆ ಸಾಗುವ ಕೆಲಸ ಆರಂಭವಾಗಬೇಕು, ಅದರ ವೆಚ್ಚವನ್ನು ಯಾರು ಎಷ್ಟು ಪಾಲು ಭರಿಸಬೇಕು ಎಂಬುದನ್ನು ಅದರ ಕೆಳಗೇ ಬರೆದು, ಎರಡೂ ಕಡೆಯವರು ಆ ಪುಟಕ್ಕೆ ಪ್ರತ್ಯೇಕವಾಗಿ ಸಹಿ ಹಾಕುವಂತೆ ನೋಡಿಕೊಳ್ಳಿ.